ಮೂರನೇ ಚೌಕದ ಇಂಟು ಮಾರ್ಕು

ಜರ್ಮನಿಯಲ್ಲಿ ನನ್ನ ವಾಸದ ಕಾರ್ಡು 2024ರ ಜನವರಿ 15ಕ್ಕೆ ಮುಗಿಯಿತು. ನಾನು ಅಲ್ಲೇ ಇದ್ದೆ. ಕೆಲಸಕ್ಕೆ ಹೋದೆ, ಬಾಡಿಗೆ ಕಟ್ಟಿದೆ, ಸಂಬಳದಲ್ಲಿ ತೆರಿಗೆ ಹಿಡಿಸಿಕೊಂಡೆ. ಮಾರ್ಚ್ ಕೊನೆಗೆ ತಿಪಟೂರಿಗೆ ಹೋಗಿ ವಾಪಸೂ ಬಂದೆ. ಹೊಸ ಕಾರ್ಡು ಕೈಗೆ ಸಿಕ್ಕಿದ್ದು ಜೂನ್‌ನಲ್ಲಿ. ನಡುವಿನ ಐದು ತಿಂಗಳಲ್ಲಿ ಒಂದು ದಿನವೂ ನಾನು ಕಾನೂನು ಮೀರಿ ಅಲ್ಲಿರಲಿಲ್ಲ. ಅದನ್ನು ಕಂಡಕಂಡವರಿಗೆ ನಂಬಿಸುವುದರಲ್ಲೇ ಅರ್ಧ ಜೀವ ಹೋಯಿತು.

ಊರಿನ ಹೆಸರು ಬೇಡ. ದಕ್ಷಿಣ ಜರ್ಮನಿಯ ಒಂದು ಮಧ್ಯಮ ಗಾತ್ರದ ಊರು ಅಂದುಕೊಳ್ಳಿ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. 2021ರ ಜನವರಿಯಲ್ಲಿ, ಮಾಸ್ಕ್ ಹಾಕಿಕೊಂಡು ಹೋದವನು. ನನ್ನದು ಬ್ಲೂ ಕಾರ್ಡ್, ಅಂದರೆ ಓದಿ ಕೆಲಸಕ್ಕೆ ಬಂದ ಹೊರದೇಶದವರಿಗೆ ಕೊಡುವ ವಾಸದ ಪರವಾನಗಿ. ಅದನ್ನು ನಾಲ್ಕು ವರ್ಷದವರೆಗೆ ಕೊಡಬಹುದು. ನನಗೆ ಮೂರೇ ವರ್ಷಕ್ಕೆ ಕೊಟ್ಟಿದ್ದರು, ಯಾಕೆಂದರೆ ನನ್ನ ಪಾಸ್‌ಪೋರ್ಟಿನ ಆಯುಸ್ಸು ಇದ್ದಿದ್ದೇ ಅಷ್ಟು. ಪಾಸ್‌ಪೋರ್ಟ್ ಮುಗಿಯುವ ದಿನವೇ ಕಾರ್ಡೂ ಮುಗಿಯುತ್ತದೆ. ಹೋಗುವ ಮುಂಚೆ ಬೆಂಗಳೂರಲ್ಲೇ ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದರೆ ಈ ರಗಳೆ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು. ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಪಾಸ್‌ಪೋರ್ಟು ಅಕ್ಟೋಬರ್ ಕೊನೆಗೆ ಬಂತು. ಹಳೆಯದನ್ನು ರದ್ದು ಮಾಡಿ ವಾಪಸ್ ಕೊಟ್ಟರು. ಅದನ್ನು ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ. ನವೆಂಬರ್ 2ಕ್ಕೆ ವಿದೇಶಿಯರ ಕಚೇರಿಯ ಆನ್‌ಲೈನ್ ಫಾರ್ಮ್ ತುಂಬಿದೆ. ಕೆಲಸದ ಕರಾರು, ಮೂರು ತಿಂಗಳ ಸಂಬಳದ ಚೀಟಿ, ಬಾಡಿಗೆ ಕರಾರು, ಆರೋಗ್ಯ ವಿಮೆಯ ಪತ್ರ, ಎಲ್ಲ ಸ್ಕ್ಯಾನ್ ಮಾಡಿ ಹಾಕಿದೆ. ಕೊನೆಯಲ್ಲಿ ಒಂದು ಪುಟ ಬಂತು, ನಿಮ್ಮ ಅರ್ಜಿ ತಲುಪಿದೆ ಅಂತ, ಕೆಳಗೆ ಉದ್ದನೆಯ ಒಂದು ನಂಬರ್. ನಾನು ಅದನ್ನು ನೋಡಿ ಸಮಾಧಾನದಿಂದ ಬ್ರೌಸರ್ ಮುಚ್ಚಿದೆ. ಪುಟ ಉಳಿಸಿಕೊಳ್ಳಲಿಲ್ಲ, ಫೋಟೋ ಹೊಡೆಯಲಿಲ್ಲ. ಸಾಫ್ಟ್‌ವೇರ್ ಟೆಸ್ಟ್ ಮಾಡಿ ಹೊಟ್ಟೆ ಹೊರೆಯುವವನು ಮಾಡುವ ಕೆಲಸವೇ ಇದು?

ಪಿಆರ್‌ಗೇ, ಅಂದರೆ ಕಾಯಂ ವಾಸದ ಪರವಾನಗಿಗೇ, ಹಾಕಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದಿತ್ತು. ಅದಕ್ಕೆ ಜರ್ಮನಿಯ ಕಾನೂನು, ಸಮಾಜದ ಬಗ್ಗೆ ಒಂದು ಪರೀಕ್ಷೆ ಬರೆಯಬೇಕು, ನಾನು ಬರೆದಿರಲಿಲ್ಲ. ಸೋಮಾರಿತನ. ಮುಂದುವರಿಸೋಣ.

ನವೆಂಬರ್ ಹೋಯಿತು. ಉತ್ತರ ಇಲ್ಲ. ಅಲ್ಲಿ ಯಾವ ಕಚೇರಿಗೆ ಹೋಗಬೇಕಾದರೂ ಟೆರ್ಮಿನ್ ಬೇಕು. ಟೆರ್ಮಿನ್ ಅಂದರೆ ಮುಂಚೆ ಗೊತ್ತು ಮಾಡಿಕೊಂಡ ಹೊತ್ತು. ನಾವೆಲ್ಲ ಕನ್ನಡದಲ್ಲಿ ಮಾತಾಡುವಾಗಲೂ ಟೆರ್ಮಿನ್ ಅಂತಲೇ ಅನ್ನುತ್ತೇವೆ, ಅಷ್ಟು ಹೊಂದಿಕೊಂಡುಬಿಟ್ಟಿದೆ. ವೆಬ್‌ಸೈಟ್ ತೆರೆದರೆ ಟೆರ್ಮಿನ್ ಖಾಲಿ ಇಲ್ಲ. ಬೆಳಗ್ಗೆ ಆರಕ್ಕೆ ನೋಡಿದೆ, ಮಧ್ಯರಾತ್ರಿ ನೋಡಿದೆ. ಫೋನ್ ಮಾಡಿದರೆ ಸಂಗೀತ. ಮೇಲ್ ಮಾಡಿದರೆ ತಾನಾಗಿ ಬರುವ ಉತ್ತರ: ಕೆಲಸ ಜಾಸ್ತಿ ಇದೆ, ಮತ್ತೆ ಮತ್ತೆ ಬರೆಯಬೇಡಿ.

ಡಿಸೆಂಬರ್ ಮೊದಲ ವಾರ ನಿದ್ದೆ ಕೆಟ್ಟಿತು. ಕಾರ್ಡು ಒಂದೇ ಆಗಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡಿದ್ದು 2023ರ ಮಾರ್ಚ್ 17, ಫಾಲ್ಗುಣ ಬಹುಳ ದಶಮಿ. ಆ ವರ್ಷ ಅಧಿಕ ಶ್ರಾವಣ ಬಂದಿದ್ದರಿಂದ ವರ್ಷದ ತಿಥಿ ಮುಂದಕ್ಕೆ ಸರಿದು 2024ರ ಏಪ್ರಿಲ್ 4ಕ್ಕೆ ಬಿತ್ತು. ನಾನು ಒಬ್ಬನೇ ಮಗ. ಅಪ್ಪ ಹೋದಾಗ ಮುಖ ನೋಡಲು ಸಿಕ್ಕಿರಲಿಲ್ಲ, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ವರ್ಷದ ಕಾರ್ಯಕ್ಕೆ ಇಲ್ಲದಿದ್ದರೆ ಆಗುತ್ತದಾ? ಮದುವೆಯಾದರೆ ಮುಹೂರ್ತ ಮುಂದೆ ಹಾಕಬಹುದು. ತಿಥಿಯನ್ನು ಯಾರ ಟೆರ್ಮಿನ್‌ಗೆ ಹೊಂದಿಸುವುದು?

ನನ್ನನ್ನು ಉಳಿಸಿದ್ದು ಚರ್ಚಿನವರು ನಡೆಸುವ ಒಂದು ಉಚಿತ ಸಲಹಾ ಕೇಂದ್ರ. ಹೊರಗಿನಿಂದ ಬಂದವರಿಗೆ ಇಂಥ ಕೇಂದ್ರ ಅಲ್ಲಿ ಬಹಳ ಊರುಗಳಲ್ಲಿವೆ, ನಮ್ಮವರು ಹೋಗುವುದು ಕಡಿಮೆ. ದುಡ್ಡಿಲ್ಲದವರ ಜಾಗ ಅಂದುಕೊಂಡು ನಾನೂ ಮೂರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿದ್ದ ಹೆಂಗಸು ಅರವತ್ತರ ಹತ್ತಿರದವರು, ಅಪ್ಪ ಅಮ್ಮ ಟರ್ಕಿಯಿಂದ ಬಂದವರಂತೆ. ನನ್ನ ಗೋಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಅರ್ಜಿ ತಲುಪಿದ್ದಕ್ಕೆ ಪುರಾವೆ ಇದೆಯಾ?"

ಇಲ್ಲ ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು. ಜರ್ಮನಿಯ ವಾಸದ ಕಾನೂನಿನಲ್ಲಿ 81ನೇ ಕಲಂ ಅಂತ ಒಂದಿದೆ. ಅದರ ನಾಲ್ಕನೇ ಉಪಕಲಂ ಹೇಳುವುದು ಇಷ್ಟು: ಕಾರ್ಡು ಮುಗಿಯುವ ಮುಂಚೆ ಮುಂದುವರಿಸಲು ಅರ್ಜಿ ಹಾಕಿದ್ದರೆ, ಕಚೇರಿ ತೀರ್ಮಾನ ಕೊಡುವವರೆಗೂ ಹಳೆ ಕಾರ್ಡು ನಡೆಯುತ್ತಿದೆ ಅಂತಲೇ ಲೆಕ್ಕ. ವಾಸವೂ ನಡೆಯುತ್ತದೆ, ಕೆಲಸದ ಹಕ್ಕೂ ನಡೆಯುತ್ತದೆ. ಕಚೇರಿ ಮೂರು ತಿಂಗಳು ತೆಗೆದುಕೊಂಡರೂ ಅಷ್ಟೇ, ಒಂದು ವರ್ಷ ಎಳೆದರೂ ಅಷ್ಟೇ. ಟೆರ್ಮಿನ್ ಸಿಗದಿದ್ದರೆ ಅದು ಅವರ ತಲೆನೋವು. ಆದರೆ ಅರ್ಜಿ ತಲುಪಿದ ತಾರೀಕು ಕಾರ್ಡಿನ ತಾರೀಕಿಗಿಂತ ಮುಂಚಿನದಾಗಿರಬೇಕು. ಒಂದು ದಿನ ತಡವಾದರೂ ಅವರ ದಯೆಗೆ ಬಿದ್ದಂತೆ.

ನಾನು ಅಲ್ಲಿಯವರೆಗೆ ಹೊಸ ಕಾರ್ಡಿಗಾಗಿ ಒದ್ದಾಡುತ್ತಿದ್ದೆ. ನಿಜಕ್ಕೂ ಕಾಪಾಡಿಕೊಳ್ಳಬೇಕಾಗಿದ್ದು ಒಂದು ತಾರೀಕನ್ನು.

ಅವತ್ತೇ, ಡಿಸೆಂಬರ್ 11ಕ್ಕೆ, ಅವರ ಮೇಜಿನಲ್ಲೇ ಕುಳಿತು ಒಂದು ಪುಟದ ಪತ್ರ ಬರೆದೆವು. ಹೆಸರು, ಹುಟ್ಟಿದ ದಿನ, ಕಾರ್ಡ್ ನಂಬರ್, ನನ್ನ ಬ್ಲೂ ಕಾರ್ಡ್ ಮುಂದುವರಿಸಿ ಅಂತ ಎರಡು ವಾಕ್ಯ, ಸಹಿ. ನಂತರ ಅವರು ಅದನ್ನು ಫ್ಯಾಕ್ಸ್ ಮಾಡಿದರು. ಹೌದು, ಫ್ಯಾಕ್ಸ್. ತಿಪಟೂರಿನಲ್ಲಿ ಎಸ್‌ಟಿಡಿ ಬೂತುಗಳ ಜೊತೆಗೇ ಹೋಗಿಬಿಟ್ಟ ಆ ಯಂತ್ರ ಜರ್ಮನಿಯ ಕಚೇರಿಗಳಲ್ಲಿ ಇನ್ನೂ ಜೀವಂತ ಇದೆ. ಕುಯ್ ಕುಯ್ ಅಂದು ಕೊನೆಗೆ ಒಂದು ಚೀಟಿ ಉಗುಳಿತು. ಇಂಥ ದಿನ, ಇಂಥ ಹೊತ್ತಿಗೆ, ಇಷ್ಟು ಪುಟ ತಲುಪಿದೆ. "ಇದನ್ನು ಚಿನ್ನದ ಹಾಗೆ ಇಟ್ಟುಕೋ" ಅಂದರು. ಸಾಲದು ಅಂತ ಸಂಜೆ ಅದೇ ಪತ್ರದ ಇನ್ನೊಂದು ಪ್ರತಿಯನ್ನು ಕಚೇರಿಯ ಬಾಗಿಲ ಪಕ್ಕದ ಟಪ್ಪಾಲು ಪೆಟ್ಟಿಗೆಗೆ ಹಾಕಿದೆ. ಸಾಕ್ಷಿಗೆ ಹುಬ್ಬಳ್ಳಿಯ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ಅವನು ವಿಡಿಯೋ ಮಾಡುತ್ತಾ, "ಏನಲೇ, ಪೋಸ್ಟ್ ಡಬ್ಬಿಗೆ ಹಾರ ಹಾಕಾಕ ಬಂದಂಗ ನಿಂತೀಯಲ್ಲ" ಅಂತ ನಗುತ್ತಿದ್ದ.

ಇಲ್ಲಿ ಒಂದು ಮಾತು. ಅತ್ತೆ ಮಾವನನ್ನು ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ಪ್ರವಾಸದ ವೀಸಾದಲ್ಲಿ, ಕರೆಸಿಕೊಂಡವರು ಇದನ್ನು ಓದಿ, ಓಹೋ ಅರ್ಜಿ ಹಾಕಿಟ್ಟರೆ ಸಾಕಲ್ಲ ಅಂದುಕೊಳ್ಳಬೇಡಿ. ಷೆಂಗೆನ್ ವೀಸಾದವರಿಗೆ ಈ ನಾಲ್ಕನೇ ಉಪಕಲಂ ಅನ್ವಯಿಸುವುದಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ.

ಜನವರಿ 8ಕ್ಕೆ ಕಂಪನಿಯ ಎಚ್‌ಆರ್‌ನಿಂದ ಮೇಲ್ ಬಂತು. ಒಂದು ವಾರದಲ್ಲಿ ನಿಮ್ಮ ಕಾರ್ಡು ಮುಗಿಯುತ್ತದೆ, ಹೊಸದರ ಪ್ರತಿ ಕಳಿಸಿ. ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಂಡ ಕಂಪನಿ ಅವರ ವಾಸದ ಕಾಗದ ನೋಡಿ ಪ್ರತಿ ಇಟ್ಟುಕೊಳ್ಳಲೇಬೇಕು, ಅದೂ ಕಾನೂನೇ. ನಾನು ಫ್ಯಾಕ್ಸ್ ಚೀಟಿ ಕಳಿಸಿದೆ. 81ನೇ ಕಲಂ ಕೂಡ ಬರೆದೆ. ಆಕೆ ಒಳ್ಳೆಯವರೇ, ಅಪ್ಪ ಹೋದಾಗ ಹೂಗುಚ್ಛ ಕಳಿಸಿದ್ದವರು. ಆದರೆ ಫ್ಯಾಕ್ಸ್ ಚೀಟಿ ಯಾವ ಫೈಲಿಗೆ ಸೇರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ವಕೀಲರನ್ನು ಕೇಳುತ್ತೇವೆ, ಅಲ್ಲಿಯವರೆಗೆ 16ರಿಂದ ರಜೆ ತೆಗೆದುಕೊಳ್ಳಿ ಅಂದರು. ನಾಲ್ಕು ದಿನ ಮನೆಯಲ್ಲಿ ಕೂತೆ. ಊರಿಗೆ ಹೋಗಲು ಕೂಡಿಟ್ಟ ರಜೆ ಅದು. ಹೊಟ್ಟೆ ಉರಿಯಿತು. ಶುಕ್ರವಾರ ಸಂಜೆ ವಕೀಲರು ಹೂಂ ಅಂದರಂತೆ. "ಕಾನೂನು ನಿಮ್ಮ ಕಡೆ ಇದೆ, ಆದರೂ ಬೇಗ ಒಂದು ಕಾಗದ ತನ್ನಿ."

ಅರ್ಜಿ ಹಾಕಿ ಕಾಯುತ್ತಿರುವವರಿಗೆ ಕಚೇರಿ ಕೊಡುವ ಆ ಕಾಗದದ ಹೆಸರು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್. ಒಂದೇ ಉಸಿರಿಗೆ ಹೇಳಿದವರಿಗೆ ಅದನ್ನು ಹಾಗೇ ಕೊಟ್ಟುಬಿಡಬೇಕು. ನಮ್ಮವರು ಅದನ್ನು ಫಿಕ್ಷನ್ ಅಂತ ಕರೆಯುತ್ತಾರೆ. "ನಿಂಗೆ ಫಿಕ್ಷನ್ ಸಿಕ್ತಾ?" "ನಂದು ಫಿಕ್ಷನ್ ಮೇ ತನಕ ಇದೆ." ಹೊರಗಿನವರು ಕೇಳಿದರೆ ಲೈಬ್ರರಿ ಪುಸ್ತಕದ ಮಾತು ಅಂದುಕೊಳ್ಳಬೇಕು.

ಜನವರಿ 22, ಸೋಮವಾರ. ಬೆಳಗ್ಗೆ ಆರು ಗಂಟೆ, ಕಗ್ಗತ್ತಲು, ಕಾಲಡಿ ಹಿಮ ಗಟ್ಟಿಯಾಗಿ ಗಾಜಾಗಿತ್ತು. ಟೆರ್ಮಿನ್ ಇಲ್ಲದವರಿಗೆ ತುರ್ತು ಕೌಂಟರ್ ಒಂದಿದೆ ಅಂತ ಸಲಹಾ ಕೇಂದ್ರದವರು ಹೇಳಿದ್ದರು. ನನ್ನ ಮುಂದೆ ಆಗಲೇ ಇಪ್ಪತ್ತು ಇಪ್ಪತ್ತೈದು ಜನ. ಒಬ್ಬಾಕೆ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದರು, ಉಕ್ರೇನ್‌ನವರು. ಸಿರಿಯಾದ ಹುಡುಗನೊಬ್ಬ ಫ್ಲಾಸ್ಕಿನಿಂದ ಎಲ್ಲರಿಗೂ ಟೀ ಹಂಚಿದ. ಏಲಕ್ಕಿ ಹಾಕಿದ ಕಪ್ಪು ಟೀ. ಎಂಟಕ್ಕೆ ಬಾಗಿಲು ತೆರೆದು, ಸೆಕ್ಯೂರಿಟಿಯವನು ಒಬ್ಬೊಬ್ಬರನ್ನೂ ಯಾಕೆ ಬಂದಿರಿ ಅಂತ ಕೇಳಿ ಒಳಗೆ ಬಿಡುತ್ತಿದ್ದ. ಕಾರ್ಡ್ ಮುಗಿದಿದೆ, ಕೆಲಸ ಹೋಗುತ್ತದೆ ಅಂದೆ. ಕೆಲಸ ಹೋಗುತ್ತದೆ ಅನ್ನುವ ಮಾತು ಕೇಳಿದ ಮೇಲೆ ಚೀಟಿ ಕೊಟ್ಟ.

ಕೌಂಟರಿನಲ್ಲಿದ್ದ ಹುಡುಗನಿಗೆ ಇಪ್ಪತ್ತೈದು ಆಗಿದ್ದರೆ ಹೆಚ್ಚು. ನನ್ನ ಹೆಸರು ಹೊಡೆದ, ಪರದೆ ನೋಡಿದ, "ನಿಮ್ಮ ಅರ್ಜಿ ನವೆಂಬರ್ 2ಕ್ಕೇ ಬಂದಿದೆಯಲ್ಲ" ಅಂದ. ಅಂದರೆ ಅದು ಅಲ್ಲೇ ಇತ್ತು. ನಾನು ನಿದ್ದೆ ಬಿಟ್ಟಿದ್ದೇನು, ಫ್ಯಾಕ್ಸ್ ಮಾಡಿದ್ದೇನು, ಪೋಸ್ಟ್ ಡಬ್ಬಿಯ ವಿಡಿಯೋ ಏನು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಆಯಿತು. 13 ಯೂರೋ ಶುಲ್ಕ. ತಿಳಿ ಹಸಿರಿನ ಮಡಚಿದ ಒಂದು ಕಾಗದ, ಒಳಗೆ ಫೋಟೋ, ಸೀಲು. ಏಪ್ರಿಲ್ 30ರವರೆಗೆ.

ಅದರ ಮೂರನೇ ಪುಟವೇ ಮುಖ್ಯ. ಅಲ್ಲಿ ಮೂರು ಚೌಕ ಇವೆ. ಮೊದಲನೆಯದು, ಇವರ ವಾಸಕ್ಕೆ ಅನುಮತಿ ಇದೆ ಅಂತ ಭಾವಿಸಲಾಗಿದೆ. ವೀಸಾ ಇಲ್ಲದೆಯೇ ಜರ್ಮನಿಗೆ ಬರಬಹುದಾದ ಅಮೆರಿಕದವರಂಥವರು ಅಲ್ಲಿಗೆ ಬಂದು ಅರ್ಜಿ ಹಾಕಿದರೆ ಇದು ಬೀಳುತ್ತದೆ. ಇದನ್ನು ಹಿಡಿದು ದೇಶದಲ್ಲಿ ಇರಬಹುದು, ಹೊರಗೆ ಹೋದರೆ ಇದರ ಬಲದ ಮೇಲೆ ವಾಪಸ್ ಬರಲಾಗದು. ಎರಡನೆಯದು, ಸದ್ಯಕ್ಕೆ ಹೊರಗೆ ಹಾಕುವುದಿಲ್ಲ ಅನ್ನುವುದು. ಮೂರನೆಯದು, ಹಳೆ ಪರವಾನಗಿ ಮುಂದುವರಿದಿದೆ ಅಂತ ಭಾವಿಸಲಾಗಿದೆ. ಅದು ಬೇಕು. ಅದಿದ್ದರೆ ಹಳೆ ಕಾರ್ಡಿನ ಜೊತೆ ಹೊರಗೆ ಹೋಗಿ ಬರಬಹುದು. ಜರ್ಮನಿಯಲ್ಲಿ ಚೌಕದಲ್ಲಿ ಟಿಕ್ ಹಾಕುವುದಿಲ್ಲ, ಇಂಟು ಮಾರ್ಕು ಹಾಕುತ್ತಾರೆ. ನಮ್ಮ ಶಾಲೆಯಲ್ಲಿ ಇಂಟು ಮಾರ್ಕು ಬಿದ್ದರೆ ತಪ್ಪು ಅಂತ. ಮೂರನೇ ಚೌಕದಲ್ಲಿ ಇಂಟು ಮಾರ್ಕು ನೋಡಿ ಅವತ್ತು ಮೊದಲ ಸಲ ಖುಷಿಪಟ್ಟೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

"ಕಾಗದ ಸಿಕ್ತು ಕಣಮ್ಮ. ಬರ್ತೀನಿ."

"ಕಾರ್ಡು ಬಂತೇನೋ?"

"ಕಾರ್ಡಲ್ಲ. ಕಾರ್ಡು ಇದೆ ಅಂತ ಭಾವಿಸೋ ಕಾಗದ."

"ಅಂದ್ರೆ ಇಲ್ಲ. ಇದೆ ಅಂದ್ಕೋಬೇಕು."

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪೂಜೇಲಿ ವಸ್ತ್ರ ಇಲ್ದಿದ್ರೆ ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ ಅಂತ ಎರಡು ಕಾಳು ಹಾಕ್ತಾರಲ್ಲ, ಹಂಗೆ ಅನ್ನು" ಅಂದರು. ಇಷ್ಟು ದಿನ ನಾನು ಎಚ್‌ಆರ್‌ಗೆ, ಗೆಳೆಯರಿಗೆ ವಿವರಿಸಿ ಸೋತಿದ್ದು ಅಮ್ಮನಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗಿತ್ತು. ದೇವರು ಆ ಅಕ್ಷತೆಯನ್ನು ವಸ್ತ್ರ ಅಂತ ಒಪ್ಪಿಕೊಳ್ಳುತ್ತಾನೆ. ವಿಮಾನದ ಕೌಂಟರಿನವರು ಒಪ್ಪಬೇಕಲ್ಲ.

ಟಿಕೆಟ್ ಮಾಡುವಾಗ ಹುಷಾರಾಗಿದ್ದೆ. ನಡುವೆ ಬೇರೆ ಯುರೋಪಿನ ದೇಶದಲ್ಲಿ ಇಳಿಯುವ ಅಗ್ಗದ ಟಿಕೆಟ್ ಬಿಟ್ಟೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ, ವಾಪಸೂ ನೇರ. ಜಾಸ್ತಿ ದುಡ್ಡು ಹೋಯಿತು, ಹೋಗಲಿ. ಜರ್ಮನಿಯ ಗಡಿ ಪೊಲೀಸರ ಮುಂದೆ ಮಾತ್ರ ಈ ಕಾಗದ ಬಿಚ್ಚಬೇಕು ಅನ್ನುವುದು ನನ್ನ ಲೆಕ್ಕ. ಷೆಂಗೆನ್ ದೇಶಗಳು ಕೊಡುವ ವಾಸದ ಕಾಗದಗಳ ಪಟ್ಟಿಯೊಂದನ್ನು ಯುರೋಪಿಯನ್ ಒಕ್ಕೂಟ ಪ್ರಕಟಿಸುತ್ತದೆ. ಜರ್ಮನಿಯ ಹೆಸರಿನ ಕೆಳಗೆ ಈ ಹಸಿರು ಕಾಗದವೂ ಇದೆ, ಮೂರನೇ ಪುಟದ ಮೂರನೇ ಚೌಕದ ವಿವರದ ಸಮೇತ. ಆ ಪುಟವನ್ನು ಇಂಗ್ಲಿಷಿನಲ್ಲಿ ಮುದ್ರಿಸಿಕೊಂಡೆ. ಎರಡು ಪ್ರತಿ.

ಮಾರ್ಚ್ 28ಕ್ಕೆ ಹೊರಟೆ. ಗುಡ್ ಫ್ರೈಡೇ, ಈಸ್ಟರ್ ಸೋಮವಾರ ಸೇರಿ ಎರಡು ದಿನ ರಜೆ ಉಳಿಯಿತು. ತಿಪಟೂರಿನಲ್ಲಿ ಬಿಸಿಲು ಅಂದರೆ ಬಿಸಿಲು, ಕೊಬ್ಬರಿ ಅಟ್ಟದ ಮೇಲೇ ಸಿಡಿಯುವ ಹಾಗೆ. ದಶಮಿ ದಿನ ಜೋಯಿಸರು ಹೇಳಿದ್ದನ್ನು ಹೇಳುತ್ತಾ ಪಿಂಡ ಇಟ್ಟೆ. ಅಪ್ಪನ ಹೆಸರು, ಗೋತ್ರ ಹೇಳುವಾಗ ಗಂಟಲು ಕಟ್ಟಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಐದು ದಿನ ಬಿಟ್ಟು ಯುಗಾದಿ ಬಂತು, ವರ್ಷದ ಮೇಲೆ ಮನೆಯಲ್ಲಿ ಮೊದಲ ಸಲ ಒಬ್ಬಟ್ಟು ಬೆಂದಿತು. ತಂಗಿ ಅಪ್ಪನ ಜಾಗಕ್ಕೂ ಒಂದು ಎಲೆ ಹಾಕಿ, ಆಮೇಲೆ ನೆನಪಾಗಿ ತೆಗೆದಳು.

ಏಪ್ರಿಲ್ 11ರ ರಾತ್ರಿ ಕೆಂಪೇಗೌಡ ವಿಮಾನ ನಿಲ್ದಾಣ, ಎರಡನೇ ಟರ್ಮಿನಲ್. ಆ ಬಿದಿರು, ಆ ತೂಗುವ ಗಿಡಗಳು, ನೋಡಲು ಬಲು ಚೆಂದ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತೆಗೆದುಕೊಂಡು ನಕ್ಕಳು, ಕಾರ್ಡ್ ತೆಗೆದುಕೊಂಡು ನಗು ನಿಲ್ಲಿಸಿದಳು.

"ಸರ್, ಇದು ಜನವರಿಗೇ ಎಕ್ಸ್‌ಪೈರ್ ಆಗಿದೆ."

ಹಸಿರು ಕಾಗದ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿದಳು. ಪೂರ್ತಿ ಜರ್ಮನ್. "ಇದು ವೀಸಾನಾ ಸರ್?" ಅಲ್ಲ. "ಹಾಗಾದ್ರೆ ಏನಿದು?" ಕಾರ್ಡು ಇದೆ ಅಂತ ಭಾವಿಸುವ ಕಾಗದ ಅಂತ ಅವಳಿಗೆ ಹೇಗೆ ಹೇಳಲಿ? ರಿನ್ಯೂವಲ್ ಸರ್ಟಿಫಿಕೇಟ್ ಅಂದೆ. ಅವಳು ಸೂಪರ್‌ವೈಸರ್ ಕರೆದಳು. ಅವರು ಬಂದು ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಹಿಂದಿನವರೆಲ್ಲ ಒಬ್ಬೊಬ್ಬರೇ ಸೂಟ್‌ಕೇಸ್ ಹಾಕಿ ಹೋಗುತ್ತಿದ್ದಾರೆ, ನಾನು ಕಳ್ಳನ ಹಾಗೆ ಟ್ರಾಲಿ ಹಿಡಿದು ನಿಂತಿದ್ದೇನೆ. ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ. ಸರಿಯಾದ ಕಾಗದ ಇಲ್ಲದವರನ್ನು ಹತ್ತಿಸಿಕೊಂಡರೆ ಏರ್‌ಲೈನ್‌ಗೆ ದಂಡ ಬೀಳುತ್ತದೆ, ವಾಪಸ್ ಕರೆತರುವ ಖರ್ಚೂ ಅವರದೇ. ಮುದ್ರಿಸಿದ ಪುಟ ಕೊಟ್ಟೆ, ಹಳದಿ ಬಣ್ಣ ಬಳಿದ ಸಾಲು ತೋರಿಸಿದೆ. ಸೂಪರ್‌ವೈಸರ್ ಓದಿದರು, ಆಮೇಲೆ ಟೈಮ್ಯಾಟಿಕ್ ನೋಡಿದರು. ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ಏರ್‌ಲೈನ್‌ನವರು ನೋಡುವ ಪಟ್ಟಿ ಅದು. ಆಮೇಲೆ ಯಾರಿಗೋ ಫೋನ್. "ಯಾವ ಊರು ನಿಮ್ದು?" ಅಂತ ನಡುವೆ ಕೇಳಿದರು. ತಿಪಟೂರು ಅಂದೆ. "ನಮ್ಮದು ಅರಸೀಕೆರೆ" ಅಂದರು, ಮತ್ತೆ ಫೋನಿಗೆ ಹೋದರು. ನೆರೆಯ ಊರು ಅಂತ ಬಿಟ್ಟುಬಿಡುವ ಆಸಾಮಿ ಅಲ್ಲ.

ನಲವತ್ತು ನಿಮಿಷ. ಕೊನೆಗೆ ಫೋನಿನ ಆ ಕಡೆಯವರು ಮೂರನೇ ಪುಟದ ಫೋಟೋ ಕಳಿಸಿ ಅಂದರಂತೆ. ಕಳಿಸಿದರು. ಎರಡು ನಿಮಿಷಕ್ಕೆ ಬೋರ್ಡಿಂಗ್ ಪಾಸ್ ಬಂತು. "ಮೂರನೇ ಬಾಕ್ಸ್ ಅಂತೆ ಸರ್, ಅದು ಸರಿ ಇದೆಯಂತೆ" ಅಂದರು, ನನಗೇ ಹೊಸ ವಿಷಯ ಹೇಳುವ ಹಾಗೆ. ಇಮಿಗ್ರೇಷನ್‌ನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಅಲ್ಲಿನ ಅಧಿಕಾರಿ ಮುದ್ರಿಸಿದ ಪುಟ ನೋಡಿ, ಹಳೆ ಪಾಸ್‌ಪೋರ್ಟಿನ ವೀಸಾ ನೋಡಿ, ಸೀಲು ಹೊಡೆದರು.

ಫ್ರಾಂಕ್‌ಫರ್ಟ್‌ನಲ್ಲಿ ನನ್ನ ಸರದಿ ಬಂದಾಗ ಎದೆ ಡವಡವ. ಗಾಜಿನ ಹಿಂದಿನ ಪೊಲೀಸ್ ಹೆಂಗಸು ಕಾಗದವನ್ನು ಬಿಚ್ಚಿದ್ದೇ ಮೂರನೇ ಪುಟಕ್ಕೆ. ಮೊದಲೆರಡು ಪುಟ ನೋಡಲೂ ಇಲ್ಲ. ಟಪ್ ಅಂತ ಸೀಲು. ನಾನು ಚೀಲದಿಂದ ಆ ಪಟ್ಟಿಯ ಪ್ರತಿ ಅರ್ಧ ಹೊರಗೆ ಎಳೆದಿದ್ದೆ, ಹಾಗೇ ಒಳಗೆ ತುರುಕಿದೆ.

ಆಮೇಲಿನದು ಬೇಗ ಹೇಳುತ್ತೇನೆ. ಏಪ್ರಿಲ್ 24ಕ್ಕೆ ಕಡೆಗೂ ಟೆರ್ಮಿನ್ ಸಿಕ್ಕಿತು. ಬೆರಳಚ್ಚು, ಫೋಟೋ, 93 ಯೂರೋ. ಕಾರ್ಡು ಬರ್ಲಿನ್‌ನಲ್ಲಿ ಅಚ್ಚಾಗಿ ಬರಲು ವಾರಗಟ್ಟಲೆ ಬೇಕು, ಹಾಗಾಗಿ ಇನ್ನೊಂದು ಹಸಿರು ಕಾಗದ ಕೊಟ್ಟರು. ಹೊಸ ಕಾಗದ ತಡವಾಗಿದ್ದರೂ ನನ್ನ ಹಕ್ಕು ಏಪ್ರಿಲ್ 30ಕ್ಕೆ ನಿಲ್ಲುತ್ತಿರಲಿಲ್ಲ, ಯಾಕೆಂದರೆ ಹಕ್ಕು ಬರುವುದು ಅರ್ಜಿಯಿಂದ, ಕಾಗದ ಅದಕ್ಕೆ ಸಾಕ್ಷಿ ಅಷ್ಟೇ. ಇದನ್ನು ಎಚ್‌ಆರ್‌ಗೆ ವಿವರಿಸುವ ಶಕ್ತಿ ಮಾತ್ರ ನನಗೆ ಉಳಿದಿರಲಿಲ್ಲ. ಹೊಸ ಕಾಗದದ ಪ್ರತಿ ಕಳಿಸಿ ಸುಮ್ಮನಾದೆ.

ಜೂನ್‌ನಲ್ಲಿ ಮೊದಲು ಪಿನ್ ಇರುವ ಪತ್ರ ಮನೆಗೆ ಬಂತು. ಮರುವಾರ ಕಾರ್ಡು ತರಲು ಹೋದೆ. ಅದೇ ಹುಡುಗ. ಹೊಸ ಕಾರ್ಡು ಕೊಡುವ ಮುಂಚೆ ಹಳೆ ಕಾರ್ಡು, ಹಸಿರು ಕಾಗದ ಎರಡನ್ನೂ ಕೇಳಿದ. ಹಸಿರು ಕಾಗದದ ಪ್ರತಿ ಇಟ್ಟುಕೊಳ್ಳಲಾ ಅಂದೆ. "ಯಾಕೆ? ಅದಕ್ಕೀಗ ಬೆಲೆ ಇಲ್ಲ" ಅಂದ. ಅಮ್ಮನಿಗೆ ತೋರಿಸಬೇಕು ಅಂದೆ. ಭುಜ ಕುಣಿಸಿ, ಹಿಂದಿನ ಯಂತ್ರದಲ್ಲಿ ಮೂರನೇ ಪುಟದ ಒಂದು ಜೆರಾಕ್ಸ್ ಹೊಡೆದು ಕೊಟ್ಟ. ಈ ಸಲ ಸಹಿ ಮಾಡಿದ ರಸೀದಿಯ ಫೋಟೋವನ್ನು ಅಲ್ಲೇ ನಿಂತು ತೆಗೆದುಕೊಂಡೆ. ಎರಡು.